ಸ್ಪಷ್ಟನೆ: ಜೈಲಿನಲ್ಲಿರುವವರೂ ಸಿವಿಲ್ ದಾವೆ ಹೂಡಬಹುದು

‘ಜೈಲಿನಲ್ಲಿರುವವರು ಜಮೀನಿನ ಪಾಲು ಕೇಳಿ ದಾವೆ ಹೂಡುವಂತಿಲ್ಲ, ಶುಲ್ಕ ಕಟ್ಟದಿದ್ದರೆ ಕೋರ್ಟ್ ಅರ್ಜಿಯನ್ನೇ ಮುಟ್ಟುವುದಿಲ್ಲ’ ಎಂಬ ಸಂದೇಶ ದಾವಣಗೆರೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ತಪ್ಪು.

ಸೆರೆವಾಸದಿಂದ ದಾವೆ ಹೂಡುವ ಹಕ್ಕು ಹೋಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಡಿ, ಶುಲ್ಕ ಭರಿಸಲಾಗದವರು ನ್ಯಾಯಾಲಯದ ಅನುಮತಿ ಪಡೆದು ಮುಂಗಡ ಶುಲ್ಕವಿಲ್ಲದೆ ದಾವೆ ನಡೆಸಬಹುದು; ವಕೀಲರಿಲ್ಲದೆ ತಾವೇ ವಾದಿಸಲೂಬಹುದು. ಇದು ಪೂರ್ತಿ ಮನ್ನಾ ಅಲ್ಲ, ಸೋತರೆ ಶುಲ್ಕ ಕಟ್ಟಬೇಕಾಗುತ್ತದೆ.

ವಕೀಲರು ಬೇಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ; ಸಹಾಯವಾಣಿ 15100. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಬಂಧನದಲ್ಲಿರುವವರು ಉಚಿತ ಕಾನೂನು ನೆರವು ಪಡೆಯಲು ಆದಾಯದ ಮಿತಿಯಿಲ್ಲ. ಮಿತಿಯಿದೆ ಎಂದು ಹಿಂದೆ ನಾನೇ ಬರೆದಿದ್ದೆ, ಅದನ್ನು ತಿದ್ದಿಕೊಳ್ಳುತ್ತಿದ್ದೇನೆ.

ವಾಟ್ಸ್ಆ್ಯಪ್‌ನ ಆ ತಪ್ಪು ಸಂದೇಶವನ್ನು ನಂಬಿ ಕುಟುಂಬದವರು ಕೈಕಟ್ಟಿ ಕುಳಿತರೆ ದಾವೆಯ ಕಾಲಮಿತಿಯೇ ಮೀರಿಹೋದೀತು. ದಯವಿಟ್ಟು ಅದನ್ನು ಯಾರಿಗೂ ಕಳುಹಿಸಬೇಡಿ.