ಗಾಡಿ ಕಳಚಿಟ್ಟು ಚಾರ್ಜಿಗೆ ಬನ್ನಿ

ಜಾಹೀರಾತಿನಲ್ಲಿ ಎರಡು ಅಂಕಿ ಇರುತ್ತವೆ. ಎರಡೂ ಸತ್ಯ. ಅಮೆರಿಕದ ಫೋರ್ಡ್ ಎಫ್-150 ಲೈಟ್ನಿಂಗ್ ಎಂಬ ಎಲೆಕ್ಟ್ರಿಕ್ ಪಿಕಪ್ಪನ್ನೇ ತೆಗೆದುಕೊಳ್ಳಿ. ದೊಡ್ಡ ಬ್ಯಾಟರಿಯದ್ದು ಒಂದು ಚಾರ್ಜಿಗೆ 515 ಕಿಲೋಮೀಟರ್ ಓಡುತ್ತದೆ: ಸತ್ಯ. ಅದೇ ಗಾಡಿ ನಾಲ್ಕೂವರೆ ಟನ್ ಎಳೆಯುತ್ತದೆ: ಇದೂ ಸತ್ಯ. ಎರಡೂ ಸತ್ಯ ಒಂದೇ ದಿನ ಒಂದೇ ರಸ್ತೆಯಲ್ಲಿ ನಡೆಯುತ್ತವೆ ಎಂದು ಕಂಪನಿ ಎಲ್ಲಿಯೂ ಹೇಳಿಲ್ಲ. ಹಾಗಂದುಕೊಂಡದ್ದು ನಮ್ಮ ತಪ್ಪು. ಚುನಾವಣಾ ಪ್ರಣಾಳಿಕೆ ಓದಿ ಬೆಳೆದವರಿಗೆ ಇಷ್ಟಾದರೂ ಗೊತ್ತಿರಬೇಕಿತ್ತು.

ಈ ಪಿಕಪ್ ನಮ್ಮಲ್ಲಿ ಮಾರಾಟಕ್ಕಿಲ್ಲ, ಅದರ ಸ್ಟೀರಿಂಗ್ ಎಡಕ್ಕಿದೆ. ಆದರೂ ಹಿಂದೆ ಕ್ಯಾಂಪರ್ ಎಂಬ ಚಕ್ರದ ಮೇಲಿನ ಬಿಳಿಯ ಮನೆಯೊಂದನ್ನು ಕಟ್ಟಿಕೊಂಡು ಅದು ಬೆಟ್ಟ ಹತ್ತುವ ರೀಲು ಮೈಸೂರು-ಮಂಡ್ಯದ ಮೊಬೈಲುಗಳಲ್ಲಿ ಓಡುತ್ತಲೇ ಇರುತ್ತದೆ. ಸರ್ಕಾರಗಳೇನೂ ಹಿಂದೆ ಬಿದ್ದಿಲ್ಲ. ವಿದ್ಯುತ್ ವಾಹನ ನೀತಿಯನ್ನು 2017ರಲ್ಲೇ ತಂದ ದೇಶದ ಮೊದಲ ರಾಜ್ಯ ನಮ್ಮದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬಳಿ ಕ್ಯಾರವಾನ್ ನೀತಿಯೂ ಇದೆ. ಎರಡು ಕಡತಗಳು ಪರಸ್ಪರ ಭೇಟಿಯಾಗಿಲ್ಲ, ಅಷ್ಟೇ. ಅವಕ್ಕೆ ಕೊಕ್ಕೆ ಹಾಕಿ, ಒಂದನ್ನು ಮುಂದೆ ಒಂದನ್ನು ಹಿಂದೆ ನಿಲ್ಲಿಸಿ, ಬೆಂಗಳೂರಿನಿಂದ ಮೈಸೂರು ದಸರೆಗೆ ಕರೆತಂದು ನೋಡೋಣ.

ಮೊದಲು ಕಟ್ಟುವ ಕೆಲಸ. ಇದರಲ್ಲಿ ಮಂಡ್ಯದವರಿಗೆ ಅಮೆರಿಕದವರು ಹೇಳಿಕೊಡುವಂಥದ್ದು ಹೆಚ್ಚೇನಿಲ್ಲ. ಎತ್ತಿನ ಗಾಡಿಗೆ ಹುಲ್ಲು ಹೇರುವಾಗ ಭಾರ ಮುಂದಾದರೆ ನೊಗ ಎತ್ತಿನ ಕತ್ತಿಗೆ ಕೂರುತ್ತದೆ, ಹಿಂದಾದರೆ ಮೂಕಿ ಆಕಾಶ ನೋಡುತ್ತದೆ. ಕ್ಯಾಂಪರಿನದೂ ಅದೇ ಶಾಸ್ತ್ರ. ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಪಿಕಪ್ಪಿನ ಹಿಚ್, ಅಂದರೆ ಹಿಂದಿನ ಕೊಕ್ಕೆಯ ಮೇಲೆ ಕೂರಬೇಕು, 2,700 ಕೆ.ಜಿ.ಯ ಕ್ಯಾಂಪರಾದರೆ 270ರಿಂದ 400 ಕೆ.ಜಿ. ಇದಕ್ಕಿಂತ ಕಡಿಮೆಯಾದರೆ ವೇಗ ಏರಿದ ಹಾಗೆ ಕ್ಯಾಂಪರ್ ಬಾಲ ಆಡಿಸಲು ಶುರು ಮಾಡುತ್ತದೆ. ಆಗ ಗಾಬರಿಯಿಂದ ಬ್ರೇಕ್ ತುಳಿಯಬಾರದು. ಎಲೆಕ್ಟ್ರಿಕ್ ಗಾಡಿಯಲ್ಲಿ ಆಕ್ಸಿಲರೇಟರನ್ನೂ ಒಮ್ಮೆಲೇ ಬಿಡುವಂತಿಲ್ಲ: ಕಾಲು ತೆಗೆದೊಡನೆ ಮೋಟಾರೇ ಬ್ರೇಕಾಗಿ ಬ್ಯಾಟರಿ ತುಂಬುವ ರೀಜನ್ ಪಿಕಪ್ಪನ್ನಷ್ಟೇ ಹಿಡಿದು ನಿಲ್ಲಿಸುತ್ತದೆ, ಹಿಂದಿನ ಮನೆ ಬಂದು ತಳ್ಳುತ್ತದೆ. ಸ್ಟೀರಿಂಗ್ ನೇರ ಹಿಡಿದು, ಮೆಲ್ಲಗೆ ವೇಗ ಇಳಿಸುತ್ತಾ, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಒತ್ತಬೇಕು.

ನೀರಿನ ಟ್ಯಾಂಕ್ ಅಚ್ಚಿನ ಹಿಂದಿದ್ದರೆ 150 ಲೀಟರ್ ತುಂಬಿಸಿದ ಕೂಡಲೇ 150 ಕೆ.ಜಿ. ಹಿಂದಕ್ಕೆ ವಾಲಿತೆಂದೇ ಲೆಕ್ಕ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಪಂಪು ಹಚ್ಚಿ ಬೆಂಗಳೂರಿಗೆ ಏರಿಸಿದ ಕಾವೇರಿಯನ್ನು ಟ್ಯಾಂಕಿಗೆ ತುಂಬಿ, ಮತ್ತೆ ಶ್ರೀರಂಗಪಟ್ಟಣದ ಕಾವೇರಿ ದಡಕ್ಕೇ ಬ್ಯಾಟರಿ ಖರ್ಚಿನಲ್ಲಿ ಎಳೆದು ತರುವುದು ಬೇಡ ಅನಿಸಿದರೆ ಖಾಲಿ ಟ್ಯಾಂಕಿನಲ್ಲಿ ಹೊರಡಿ.

ಇನ್ನು ಹೆದ್ದಾರಿ. 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಲೋಕಾರ್ಪಣೆಯಾದ 119 ಕಿಲೋಮೀಟರಿನ ಈ ದಶಪಥದ ಮುಖ್ಯ ರಸ್ತೆಗೆ ಆ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶ ಇಲ್ಲ. ಟ್ರೇಲರ್ ಇರುವ ಟ್ರ್ಯಾಕ್ಟರ್, ಇಲ್ಲದ ಟ್ರ್ಯಾಕ್ಟರ್, ಎರಡನ್ನೂ ಹೆಸರಿಸಿ ಹೊರಗಿಟ್ಟಿದ್ದಾರೆ. ಪಿಕಪ್ಪಿಗೆ ಕಟ್ಟಿದ ಮಲಗುವ ಕೋಣೆಯನ್ನು ಪಟ್ಟಿ ಬರೆದವರು ಊಹಿಸಿರಲಿಕ್ಕಿಲ್ಲ. ಗಣಂಗೂರು ಟೋಲಿನಲ್ಲಿ ನಾಲ್ಕು ಅಚ್ಚು ಎಣಿಸಿ ಲಾರಿಯ ಸಾಲಿಗೆ ಸೇರಿಸುತ್ತಾರೋ, ಒಳಗೆ ಸಿಂಕು, ಮಂಚ ಕಂಡು ಕಂದಾಯ ಕೇಳುತ್ತಾರೋ, ಹೋಗಿ ನೋಡಿದವರೇ ಹೇಳಬೇಕು.

ಎಳೆಯುವಾಗ ತೂಕವೇ ಶತ್ರು ಎಂದು ಎಲ್ಲರೂ ತಿಳಿದಿದ್ದಾರೆ. ಘಾಟಿ ಹತ್ತುವಾಗ ಅದು ನಿಜ. ಸಮತಟ್ಟಾದ ರಸ್ತೆಯಲ್ಲಿ ಮೂರು ಟನ್ನಿನ ಕ್ಯಾಂಪರನ್ನು ಬರೀ ಉರುಳಿಸಲು ಕಿಲೋಮೀಟರಿಗೆ 0.08 ಯೂನಿಟ್ ಕರೆಂಟು ಸಾಕು. ನಿಜವಾದ ಶತ್ರು ಗಾಳಿ. ಎರಡೂವರೆ ಮೀಟರ್ ಅಗಲ, ಮೂರು ಮೀಟರ್ ಎತ್ತರದ ಗೋಡೆಯನ್ನು ಗಂಟೆಗೆ 100ರ ವೇಗದಲ್ಲಿ ಗಾಳಿಗೆ ಎದುರು ಹಿಡಿದರೆ ಏನಾಗಬೇಕೋ ಅದೇ ಆಗುತ್ತದೆ. ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಕಿಲೋಮೀಟರಿಗೆ ಸುಮಾರು 0.65 ಯೂನಿಟ್ ಖರ್ಚು. ಲೈಟ್ನಿಂಗಿನ 131 ಯೂನಿಟ್ ಬ್ಯಾಟರಿ 200 ಕಿಲೋಮೀಟರಿಗೆ ಬರಿದು. ದಾರಿಯಲ್ಲಿ ಚಾರ್ಜ್ ಮಾಡುತ್ತಾ ಹೋಗುವವರು ಶೇ. 10ರಿಂದ 80ರ ನಡುವಿನಷ್ಟನ್ನೇ ಬಳಸುವುದು, ಏಕೆಂದರೆ 80 ದಾಟಿದ ಮೇಲೆ ಕರೆಂಟು ಸಣ್ಣ ಧಾರೆಯಲ್ಲಿ ಇಳಿಯುತ್ತದೆ. ಹಾಗೆ ನೋಡಿದರೆ ಉಳಿಯುವುದು 140 ಕಿಲೋಮೀಟರ್. ಮನೆಯಲ್ಲಿ ಪೂರ್ತಿ ತುಂಬಿಸಿ ಹೊರಟರೆ ಮೈಸೂರು ಮುಟ್ಟುತ್ತೀರಿ, ಚಾರ್ಜ್ ಮಾಡದೆ ವಾಪಸ್ಸು ಮುಟ್ಟುವುದಿಲ್ಲ.

ವೇಗವನ್ನು 100ರಿಂದ 80ಕ್ಕೆ ಇಳಿಸಿದರೆ ಗಾಳಿಯ ಪಾಲಿನ ಖರ್ಚು ಶೇ. 36ರಷ್ಟು ಇಳಿಯುತ್ತದೆ. ಎದುರಿನಿಂದ 20ರ ವೇಗದ ಗಾಳಿ ಬೀಸಿದರೆ ಆ ಉಳಿತಾಯವೂ ಹಾರಿಹೋಗುತ್ತದೆ. ಕಂಪನಿ ಹೇಳಿದ 515 ಕಿಲೋಮೀಟರನ್ನು ಕ್ಯಾಂಪರ್ ಸಮೇತ ಮುಟ್ಟಲು ಒಂದು ಖಚಿತ ಉಪಾಯವಿದೆ. ಎಕ್ಸ್‌ಪ್ರೆಸ್‌ವೇ ಬಿಟ್ಟು ಸರ್ವಿಸ್ ರಸ್ತೆಗೆ ಇಳಿಯಿರಿ. ಕಬ್ಬು ಅರೆಯುವ ಕಾಲದಲ್ಲಿ ಮೈಷುಗರ್ ಕಡೆಗೆ ಹೊರಟ ಎರಡು ಟ್ರೇಲರಿನ ಟ್ರ್ಯಾಕ್ಟರೊಂದನ್ನು ಹುಡುಕಿ ಅದರ ಹಿಂದೆ ಸೇರಿಕೊಳ್ಳಿ. ಗಂಟೆಗೆ 30 ಕಿಲೋಮೀಟರಿನಲ್ಲಿ ಖರ್ಚು ಕಾಲು ಯೂನಿಟ್ಟಿನ ಆಸುಪಾಸಿಗೆ ಬರುತ್ತದೆ; 131ನ್ನು ಅದರಿಂದ ಭಾಗಿಸಿ ನೋಡಿ, ಕಂಪನಿಯ ಮಾತು ಸುಳ್ಳಾಗುವುದಿಲ್ಲ. ಆ ಟ್ರ್ಯಾಕ್ಟರಿಗೆ ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ ಎಂಬುದನ್ನು ಮಾತ್ರ ಕತ್ತಲಾಗುವ ಮೊದಲೇ ನೆನಪಿಟ್ಟುಕೊಳ್ಳಿ.

ಚಾರ್ಜರ್ ಸಿಕ್ಕಿತು ಎನ್ನೋಣ. ಅಮೆರಿಕದ ಪ್ಲಗ್ಗು ನಮ್ಮ ಸಿಸಿಎಸ್-2 ಮಾದರಿಯ ಚಾರ್ಜಿಂಗ್ ಗನ್ನಿಗೆ ಕೂರುವುದಿಲ್ಲ ಎಂಬುದನ್ನು ಕ್ಷಮಿಸಿಬಿಡೋಣ. ಆದರೆ ಜಾಗ? ನಮ್ಮಲ್ಲಿ ಕಾರು ನಿಲ್ಲಿಸುವ ಗೆರೆ ಎಂದರೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. ಈ ಪಿಕಪ್ ಒಂದೇ 5.9 ಮೀಟರ್, ಕ್ಯಾಂಪರ್ ಸೇರಿದರೆ 13ರ ಹತ್ತಿರ. ಗೆರೆಯ ತುದಿಗೆ ಗೋಡೆ, ಗೋಡೆಗೆ ಚಾರ್ಜರ್, ಅದರ ಮುಂದೆ ಚಕ್ರಕ್ಕೆ ಸಿಮೆಂಟಿನ ದಿಂಡು. ಹೋಟೆಲು, ಮಾಲುಗಳಲ್ಲಿ ಅದು ಬೇಸ್‌ಮೆಂಟಿನಲ್ಲಿದ್ದರೆ ಬಾಗಿಲಲ್ಲಿ ಎರಡು ಮೀಟರ್ ಚಿಲ್ಲರೆ ಎತ್ತರದ ಕಂಬಿ ತೂಗುತ್ತಿರುತ್ತದೆ, ಕ್ಯಾಂಪರಿನ ಎತ್ತರ ಮೂರು. ಪೆಟ್ರೋಲ್ ಬಂಕಿಗೆ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಬರುವುದನ್ನು ಜಗತ್ತು ಎಷ್ಟೋ ಕಾಲದಿಂದ ನೋಡಿಕೊಂಡೇ ಬಂದಿದೆ. ಕರೆಂಟಿಗೆ ಮಾತ್ರ ಮೂತಿ ಗೋಡೆಗೆ ಒತ್ತಿ ನಿಲ್ಲಬೇಕೆಂದು ಯಾರು ತೀರ್ಮಾನಿಸಿದರೋ! ಈ ಜಾಣತನ ನಮ್ಮದಷ್ಟೇ ಅಂದುಕೊಂಡು ನಾಚಬೇಡಿ. ನಾಲ್ಕೂವರೆ ಟನ್ ಎಳೆಯುವ ಪಿಕಪ್ ಮಾರುವ ಅಮೆರಿಕದಲ್ಲೂ ಟ್ರೇಲರ್ ಸಮೇತ ನೇರ ನುಗ್ಗುವ ಚಾರ್ಜಿಂಗ್ ಜಾಗಗಳು ಅಪರೂಪ. ಅಲ್ಲಿಯೂ ಕಳಚಬೇಕು.

ಕಳಚುವುದೆಂದರೆ ಪಿನ್ನು ಎಳೆದು ಹೊರಟಂತಲ್ಲ. ಮೊದಲು ಮಟ್ಟಸವಾದ ನೆಲ ಹುಡುಕಬೇಕು. ಕ್ಯಾಂಪರಿನ ಚಕ್ರಗಳಿಗೆ ಎರಡೂ ಕಡೆ ಅಡೆ ಇಡಬೇಕು. ಇದನ್ನು ಮರೆತು ಹಿಚ್ ಬಿಚ್ಚಿದರೆ ಮನೆ ತಾನಾಗಿಯೇ ಊರು ನೋಡಲು ಹೊರಡುತ್ತದೆ. ಭಾರ ಹಂಚುವ ಸಲಾಕೆಗಳಿದ್ದರೆ ಅವನ್ನು ತೆಗೆಯಬೇಕು, ಅವು ಬಿಗಿದ ಸ್ಪ್ರಿಂಗಿನಂತಿರುವುದರಿಂದ ಮುಖ ದೂರವಿಟ್ಟು. ಮುಂದಿನ ಜಾಕ್ ಇಳಿಸಿ ಭಾರ ಅದರ ಮೇಲೆ ತರಬೇಕು. ಏಳು ಪಿನ್ನಿನ ಲೈಟು-ಬ್ರೇಕಿನ ಪ್ಲಗ್, ಅಡ್ಡಡ್ಡ ಹಾಕಿದ ಎರಡು ಸರಪಳಿ, ಟ್ರೇಲರ್ ಕಿತ್ತುಹೋದರೆ ತಾನೇ ಬ್ರೇಕ್ ಹಾಕುವ ತಂತಿ, ಇವೆಲ್ಲ ಬಿಚ್ಚಿದ ಮೇಲೆ ಹಿಚ್ಚಿನ ಚಿಲಕ. ಅಷ್ಟರಲ್ಲಿ ಸೆಕ್ಯೂರಿಟಿಯವನು ಸೀಟಿ ಊದುತ್ತಾ ಬಂದಿರುತ್ತಾನೆ: “ಸಾ, ಈ ಮನೆ ಯಾರ್ದು ಸಾ? ತೆಗೀರಿ, ಬಸ್ಸು ಬತ್ತದೆ.”

ಶೇ. 10ರಿಂದ 80ಕ್ಕೆ, ಅಂದರೆ 92 ಯೂನಿಟ್ ತುಂಬಿಸಲು 60 ಕಿಲೋವ್ಯಾಟಿನ ಚಾರ್ಜರಿಗೆ ಒಂದೂವರೆ ಗಂಟೆ. ಪಕ್ಕದ ಗನ್ನಿಗೆ ಇನ್ನೊಬ್ಬರು ಬಂದು ಸಿಕ್ಕಿಸಿಕೊಂಡರೆ 60 ಎರಡು ಪಾಲಾಗಿ ಮೂರು ಗಂಟೆ. ಆಮೇಲೆ ಕಳಚಿದ್ದನ್ನೆಲ್ಲ ತಿರುಗಾಮುರುಗ ಕಟ್ಟಬೇಕು. ಊಟಿಗೆ ಹೋಗುವ ಆಸೆಯಿದ್ದವರು ಗಡಿಯಾರ ನೋಡಿಕೊಂಡು ಕಟ್ಟುವುದು ವಾಸಿ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚಿದರೆ ಬೆಳಿಗ್ಗೆ 6ಕ್ಕೇ ತೆರೆಯುವುದು.

ಒಂದು ಒಳ್ಳೆಯ ಮಾತನ್ನೂ ಆಡಬೇಕು. ಲೈಟ್ನಿಂಗಿನ ಬ್ಯಾಟರಿಯಿಂದ 9.6 ಕಿಲೋವ್ಯಾಟಿನವರೆಗೆ ಕರೆಂಟನ್ನು ಹೊರಗೆ ತೆಗೆಯಬಹುದು. ರಾತ್ರಿಯಿಡೀ ಕ್ಯಾಂಪರಿನ ಏಸಿ ಓಡಿಸಿದರೂ ಎಂಟು ಯೂನಿಟ್ ಹೋದೀತು, ಅಂದರೆ ಹನ್ನೆರಡು ಕಿಲೋಮೀಟರಿನ ದಾರಿ. ನಿಂತಲ್ಲೇ ನಿಂತಿರುವವರಿಗೆ ಇದಕ್ಕಿಂತ ಒಳ್ಳೆಯ ಪಿಕಪ್ ಇಲ್ಲ.

ತೊಂದರೆ ಕಂಪನಿಗಳಿಗೂ ಅರ್ಥವಾಗಿದೆ. 2025ರ ಸೆಪ್ಟೆಂಬರಿನಲ್ಲಿ ರ‍್ಯಾಮ್ ಎಂಬ ಇನ್ನೊಂದು ಅಮೆರಿಕನ್ ಪಿಕಪ್ ಕಂಪನಿ ತನ್ನ ಪೂರ್ಣ ಎಲೆಕ್ಟ್ರಿಕ್ ಪಿಕಪ್ಪಿನ ಯೋಜನೆಯನ್ನು ಕೈಬಿಟ್ಟಿತು. ಡಿಸೆಂಬರಿನಲ್ಲಿ ಫೋರ್ಡ್ ಕೂಡ ಈಗಿನ ಲೈಟ್ನಿಂಗನ್ನು ನಿಲ್ಲಿಸಿ, ಮುಂದಿನದರಲ್ಲಿ ಓಡುತ್ತಲೇ ಬ್ಯಾಟರಿ ತುಂಬುವ ಜನರೇಟರ್ ಎಂಜಿನ್ ಇರುತ್ತದೆಂದು ಘೋಷಿಸಿತು. ಆ ಜನರೇಟರಿಗೆ ಎಣ್ಣೆ ಹಾಕಿಸಲು ಬಂಕಿಗೆ ಹೋಗಬೇಕು. ಅಲ್ಲಿ ಟ್ರೇಲರ್ ಕಳಚುವ ಕೆಲಸವಿಲ್ಲ.