ಕಾಯಿಲೆ ಯಾರದೋ, ಅವರಿಗೆ ಮೊದಲು ಹೇಳಿ

ಮನೆಯ ಹೆಂಗಸಿಗೆ ಸ್ತನ ಕ್ಯಾನ್ಸರ್ ಅಂತ ರಿಪೋರ್ಟ್ ಬಂದರೆ ನಮ್ಮಲ್ಲಿ ಆಸ್ಪತ್ರೆ, ಡಾಕ್ಟರು, ದುಡ್ಡು ಎಲ್ಲದಕ್ಕಿಂತ ಮೊದಲು ಆಗುವ ತೀರ್ಮಾನ ಒಂದಿದೆ. "ಅವಳಿಗೆ ಮಾತ್ರ ಗೊತ್ತಾಗೋದು ಬೇಡ." ರಿಪೋರ್ಟ್ ಬೀರುವಿನಲ್ಲಿ ಬಟ್ಟೆ ಕೆಳಗೆ ಸೇರುತ್ತೆ. ಫೋನ್ ಬಂದರೆ ಎದ್ದು ಹೊರಗೆ ಹೋಗಿ ಮಾತಾಡ್ತಾರೆ. ಪ್ರೀತಿಯಿಂದಲೇ ಹೀಗೆ ಮಾಡೋದು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಇದು ತಪ್ಪು, ಅಪಾಯ ಕೂಡ. ದೊಡ್ಡಮ್ಮನ ಜೊತೆ ಆಸ್ಪತ್ರೆಗೆ ಓಡಾಡಿದ ಮೇಲೆ ಇದನ್ನ ಯಾರ ಮುಂದೆ ಬೇಕಾದರೂ ಹೇಳ್ತೀನಿ.

ದೊಡ್ಡಮ್ಮ ಅರಸೀಕೆರೆ ಕಡೆಯವರು. ಎದೆಯಲ್ಲಿ ಗಂಟು ಸಿಕ್ಕಿ ಎಷ್ಟೋ ತಿಂಗಳಾಗಿತ್ತು. ನೋವಿರಲಿಲ್ಲ, ಹಾಗಾಗಿ ಯಾರಿಗೂ ಹೇಳಲಿಲ್ಲ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯೋದೇ ಇಲ್ಲ, ಮೋಸ ಇರೋದೇ ಅಲ್ಲಿ. ಬಯಾಪ್ಸಿ ರಿಪೋರ್ಟ್ ಬಂದ ದಿನ ದೊಡ್ಡಪ್ಪ, ಅವರ ಮಗ, ನಮ್ಮ ಸೋದರಮಾವ ಮೂವರೂ ಸೇರಿ "ಬರೀ ಗಂಟು, ಕರಗೋಕೆ ಡ್ರಿಪ್ ಹಾಕ್ತಾರೆ" ಅಂತ ಹೇಳಿಬಿಟ್ಟರು. ನಾನೂ ಅಮ್ಮನೂ ಬೇಡ ಅಂದೆವು. "ಎದೆ ಒಡ್ಕೊಂಡುಬಿಡ್ತಾಳೆ, ನಿಮಗೆ ಗೊತ್ತಾಗಲ್ಲ ಸುಮ್ನಿರಿ" ಅಂತ ನಮ್ಮ ಬಾಯಿ ಮುಚ್ಚಿಸಿದರು. ಆಮೇಲೆ ಅವರನ್ನ ಕರ್ಕೊಂಡು ಹೋಗಿದ್ದು ಎಲ್ಲಿಗೆ? ಕಿದ್ವಾಯಿಗೆ. ಕಿದ್ವಾಯಿ ಅಂದರೆ ಯಾವ ಕಾಯಿಲೆಗೆ ಅಂತ ಗೊತ್ತಿಲ್ಲದವರು ನಮ್ಮ ರಾಜ್ಯದಲ್ಲಿ ಯಾರಿದ್ದಾರೆ ಹೇಳಿ? ದೊಡ್ಡಮ್ಮನಿಗೂ ಗೊತ್ತಿತ್ತು. ಇವರು ಅಳಬಾರದು ಅಂತ ಅವರು ಕೇಳಲಿಲ್ಲ, ಅವರು ಅಳಬಾರದು ಅಂತ ಇವರು ಹೇಳಲಿಲ್ಲ.

ಮೊದಲು ಕೊಟ್ಟಿದ್ದು 21 ದಿನಕ್ಕೊಮ್ಮೆ ಹಾಕುವ ಕೀಮೋ. ಅದರಲ್ಲಿ ಡಾಕ್ಸೊರುಬಿಸಿನ್ ಅನ್ನುವ ಔಷಧಿ ಕೆಂಪಗೆ ಇರುತ್ತೆ, ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಗೆ ಬರುತ್ತೆ. ದೊಡ್ಡಮ್ಮ ಅದನ್ನ ರಕ್ತ ಅಂದುಕೊಂಡರು. ಯಾರಿಗೂ ಹೇಳದೆ ಬಾತ್‌ರೂಮಿನಲ್ಲಿ ಬಕೆಟ್‌ಗಟ್ಟಲೆ ನೀರು ಹಾಕಿ ತೊಳೆದರಂತೆ. ಎರಡನೇ ವಾರ ಜ್ವರ ಬಂತು. ಕೀಮೋ ಆದ ಏಳರಿಂದ ಹದಿನಾಲ್ಕನೇ ದಿನದ ಒಳಗೆ ಸೋಂಕು ತಡೆಯುವ ಬಿಳಿ ರಕ್ತಕಣ ತುಂಬಾ ಇಳಿದಿರುತ್ತೆ, ಆಗ 100.4 ಡಿಗ್ರಿ ಜ್ವರ ಬಂದರೆ ಮನೆಯಲ್ಲಿ ಮಾತ್ರೆ ನುಂಗಿ ಮಲಗೋ ಹಾಗಿಲ್ಲ, ರಾತ್ರಿ ಎರಡು ಗಂಟೆ ಆಗಿದ್ದರೂ ಆಸ್ಪತ್ರೆಗೆ ಹೊರಡಬೇಕು. ಇದೆಲ್ಲ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿತ್ತು. ಆ ಚೀಟಿಯಲ್ಲಿ ಕ್ಯಾನ್ಸರ್ ಅಂತಲೂ ಬರೆದಿತ್ತಲ್ಲ, ಹಾಗಾಗಿ ಅದು ಅಣ್ಣನ ಬ್ಯಾಗಿನಲ್ಲಿ, ಅಣ್ಣ ಆಫೀಸಿನಲ್ಲಿ. ದೊಡ್ಡಮ್ಮ ಮಾಮೂಲಿ ಜ್ವರ ಅಂತ ಪ್ಯಾರಾಸಿಟಮಾಲ್ ತಗೊಂಡು ಸಂಜೆವರೆಗೂ ಚಾಪೆ ಮೇಲೆ ಮಲಗಿದ್ದರು. ಸದ್ಯ, ಉಳಿದರು. ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಜ್ವರಕ್ಕೆ ಅಡ್ಮಿಟ್ ಆದಾಗ ಪಕ್ಕದ ಬೆಡ್ಡಿನಲ್ಲಿ ರಾಯಚೂರು ಕಡೆಯವರೊಬ್ಬರಿದ್ದರು. "ಅಂಜಬ್ಯಾಡ್ರಿ ಅಕ್ಕಾ, ಅದು ಔಷಧದ ಬಣ್ಣ, ನನಗೂ ಹಂಗ ಆಗಿತ್ತು" ಅಂತ ಅವರು ಹೇಳೋವರೆಗೂ ದೊಡ್ಡಮ್ಮನಿಗೆ ಆ ಹೆದರಿಕೆ ಹೋಗಿರಲಿಲ್ಲ. ಕೂದಲು ಯಾವಾಗ ಉದುರುತ್ತೆ, ಬಾಯಿ ಹುಣ್ಣಾದರೆ ಏನು ತಿನ್ನಬೇಕು, ಎಲ್ಲಾ ಅವರೇ ಹೇಳಿದ್ದು. ಮನೆಯವರು ಎಂಟು ಜನ ಇದ್ದು ಹೇಳದ್ದನ್ನ ಗುರುತು ಪರಿಚಯ ಇಲ್ಲದ ಹೆಂಗಸು ಹೇಳಬೇಕಾಯ್ತು.

ಮಾರನೇ ದಿನ ದೊಡ್ಡಮ್ಮ ನೇರವಾಗಿ ಡಾಕ್ಟರನ್ನೇ ಕೇಳಿದರು. ಅವರು ಕೂತು ಹೇಳಿದರು. ಒಂದು ರಾತ್ರಿ ಪೂರ್ತಿ ಅತ್ತರು, ನಿಜ. ಬೆಳಿಗ್ಗೆ ನನ್ನ ಕೇಳಿದ ಮೊದಲ ಪ್ರಶ್ನೆ, "ತೋಟ ಮಾರಿದ್ರೇನೇ?" ಅಷ್ಟು ದಿನ ಒಳಗೊಳಗೇ ಕೊರೀತಿದ್ದದ್ದು ಇದು! ಅವರದ್ದು ಬಿಪಿಎಲ್ ಕಾರ್ಡು. ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಕಾಯಿಲೆ ಹೆಸರನ್ನೇ ಮುಚ್ಚಿಟ್ಟ ಮೇಲೆ ಇದನ್ನ ಅವರಿಗೆ ಯಾರು ಹೇಳ್ತಾರೆ?

ಇನ್ನು ಆಪರೇಷನ್. ಗಂಟು ಮಾತ್ರ ತೆಗೆದು ರೇಡಿಯೇಷನ್ ಕೊಡಿಸೋದಾ, ಪೂರ್ತಿ ಸ್ತನ ತೆಗೆಸೋದಾ ಅನ್ನೋದು ಎಷ್ಟೋ ಸಲ ರೋಗಿಯನ್ನ ಕೇಳಿ ನಿರ್ಧಾರ ಮಾಡುವ ವಿಷಯ. ಮೈ ಅವರದ್ದು, ಕೇಳಬೇಕಾದ್ದು ಅವರನ್ನ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ರೋಗಿ ವಯಸ್ಕಳು, ತನ್ನ ತೀರ್ಮಾನ ತಾನೇ ತಗೊಳ್ಳಬಲ್ಲವಳು, ತುರ್ತು ಪರಿಸ್ಥಿತಿ ಏನೂ ಇಲ್ಲ ಅಂದಮೇಲೆ ಅವಳ ತಾಯಿಯ ಒಪ್ಪಿಗೆ ಅವಳ ಒಪ್ಪಿಗೆ ಆಗಲ್ಲ ಅಂತ. ತಾಯಿಯದ್ದೇ ಸಾಲದು ಅಂದಮೇಲೆ ಮಗ, ಮಾವ ಯಾವ ಲೆಕ್ಕ?

ಎಲ್ಲಾ ಮುಗಿದ ಮೇಲೂ ವಿಷಯ ಮುಗಿಯಲ್ಲ. ಗಂಟು ಹಾರ್ಮೋನ್‌ಗೆ ಸ್ಪಂದಿಸುವ ಜಾತಿಯದ್ದಾದರೆ ದಿನಾ ಒಂದು ಮಾತ್ರೆ, ಕಡಿಮೆ ಅಂದರೂ 5 ವರ್ಷ. ಕೆಲವರಿಗೆ ಕೀಲು ನೋವು ಬರುತ್ತೆ. "ಗಂಟು ತೆಗೆದಾಯ್ತಲ್ಲ, ಇದ್ಯಾಕೆ ಸುಮ್ನೆ" ಅಂತ ಬಿಟ್ಟುಬಿಡೋದು ಎಷ್ಟು ಸುಲಭ ಅಲ್ವಾ? ಯಾಕೆ ನುಂಗ್ತಿದ್ದೀನಿ ಅಂತ ಗೊತ್ತಿದ್ದವರು ಮಾತ್ರ ಐದು ವರ್ಷ ನುಂಗ್ತಾರೆ. ಕಂಕುಳ ಗ್ರಂಥಿ ತೆಗೆದಿದ್ದರೆ ಆ ಕೈ ಊದಿಕೊಳ್ಳುವ ಸಾಧ್ಯತೆ ಜಾಸ್ತಿ, ಗಾಯ ಆಗದ ಹಾಗೆ ನೋಡ್ಕೋಬೇಕು, ಹೇಳಿಕೊಟ್ಟ ವ್ಯಾಯಾಮ ಮಾಡಬೇಕು. ಅದನ್ನೂ ಅವರೇ ಮಾಡಬೇಕಲ್ಲ.

ಎಲ್ಲವನ್ನೂ ಒಂದೇ ಏಟಿಗೆ ಮುಖಕ್ಕೆ ಹೇಳಿ ಅಂತಲ್ಲ. ಮೊದಲು "ಡಾಕ್ಟರ್ ಹತ್ತಿರ ನೀವೇ ಮಾತಾಡ್ತೀರಾ, ನಾವು ಕೇಳ್ಕೊಂಡು ಬಂದು ಹೇಳೋದಾ" ಅಂತ ಕೇಳಿ. "ನನಗೇನೂ ಹೇಳಬೇಡಿ, ನೀವೇ ನೋಡ್ಕೊಳ್ಳಿ" ಅನ್ನುವವರೂ ಇದ್ದಾರೆ, ಅದು ಅವರ ಇಷ್ಟ. ಅಂಥವರಿಗೂ ಜ್ವರದ ವಿಷಯ ಮಾತ್ರ ಹೇಳಲೇಬೇಕು. ಡಾಕ್ಟರ್ ಎದುರಿನ ಕುರ್ಚಿಯಲ್ಲಿ ಅವರನ್ನ ಕೂರಿಸಿ, ಫೈಲ್ ಅವರ ಕೈಗೆ ಕೊಡಿ, ನೀವು ಹಿಂದೆ ನಿಂತುಕೊಳ್ಳಿ. ಮನೆಯಲ್ಲಿ ಥರ್ಮಾಮೀಟರ್ ಇರಲಿ.

ನಮ್ಮ ದೊಡ್ಡಮ್ಮ ಆಮೇಲೆ ಮಾಡಿದ ಕೆಲಸ ಏನು ಗೊತ್ತಾ? ತಂಗಿಯರಿಗೆಲ್ಲ ತಾವೇ ಫೋನ್ ಮಾಡಿ "ನನಗೆ ಬಂದಿರೋದು ಕ್ಯಾನ್ಸರ್ರು, ನೀವೂ ಹೋಗಿ ತೋರಿಸ್ಕೊಳ್ರೇ" ಅಂದರು. ಅಮ್ಮ ಹೋಗಿ ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸಿಕೊಂಡು ಬಂದರು. ಚಿಕ್ಕಮ್ಮ ಮಾತ್ರ ಹಬ್ಬ ಕಳೀಲಿ, ಮದುವೆ ಕಳೀಲಿ ಅಂತ ಮುಂದಕ್ಕೆ ಹಾಕ್ತಾನೇ ಇದ್ದಾರೆ. ಮುಂದಿನ ವಾರ ರಜೆ ಹಾಕಿ ನಾನೇ ಕರ್ಕೊಂಡು ಹೋಗ್ತಿದ್ದೀನಿ.