ಹಗ್ಗ ಎಳೆಯುವವರ ಸಂಘ

ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಈಗ ಹಗ್ಗ ಎಳೆದು ಚಾಲೂ ಮಾಡುವ ಮಿಷನ್ನುಗಳು ಎರಡೋ ಮೂರೋ ಇದ್ದೇ ಇರುತ್ತವೆ. ಕಳೆ ಹೊಡೆಯುವುದು ಒಂದು, ಔಷಧಿ ಹೊಡೆಯುವುದು ಇನ್ನೊಂದು, ಮರ ಕೊಯ್ಯುವ ಚೈನ್‌ಸಾ ಮತ್ತೊಂದು. ಮೊದಲಿನ ಎರಡಕ್ಕೆ ಸೀಸನ್ ಬಂತೆಂದರೆ ದಿನವೂ ಕೆಲಸ. ಹಾಗಾಗಿ ಅವು ಹೇಳಿದ ಮಾತು ಕೇಳುತ್ತವೆ. ಚೈನ್‌ಸಾ ಬೇಸಿಗೆಯಲ್ಲಿ ಸೌದೆ ಕೊಯ್ದು ಅಟ್ಟ ಸೇರಿದರೆ ಮತ್ತೆ ನೆನಪಾಗುವುದು ಮಳೆಗಾಲದಲ್ಲಿ ದಾರಿಗೆ ಮರ ಬಿದ್ದ ದಿನ. ಅವತ್ತು ಮಾತ್ರ ಎಲ್ಲರಿಗೂ ಅದು ಐದು ನಿಮಿಷದಲ್ಲಿ ಬೇಕು.

ಬೀಳುವ ಮರ ಯಾವುದು ಅಂತ ಕೇಳಬೇಡಿ. ಅಕೇಶಿಯಾ. ನಮ್ಮ ಕಡೆ ಗಾಳಿ ಬಂದರೆ ಹಲಸು, ಮತ್ತಿ ನಿಂತಿರುತ್ತವೆ. ಅಕೇಶಿಯಾ ಮಲಗುತ್ತದೆ. ಮಲಗುವಾಗ ಪಕ್ಕದ ಬೇಣದಲ್ಲಿ ಎಷ್ಟು ಜಾಗ ಇದ್ದರೂ ಅದಕ್ಕೆ ರಸ್ತೆಯೇ ಬೇಕು. ಈ ಸಲ ಜುಲೈ ಮಳೆಯಲ್ಲಿ ನಮ್ಮ ಮನೆಗೆ ಬರುವ ಮಣ್ಣು ದಾರಿಗೆ ಅಡ್ಡ ಬಿತ್ತು. ಆಚೆ ಕಡೆ ಶಾಲೆಯ ಜೀಪು, ಈಚೆ ಕಡೆ ಡೇರಿಗೆ ಹೊರಟ ಹಾಲಿನ ಕ್ಯಾನು. ನಡುವೆ ಮರ. ನಾನು ಅಟ್ಟದಿಂದ ಚೈನ್‌ಸಾ ಇಳಿಸಿದೆ.

ಹಗ್ಗದ ಮಿಷನ್ನಿಗೆ ಒಂದು ವಿಶೇಷ ಶಕ್ತಿ ಇದೆ. ಚಾಲೂ ಆಗದಿದ್ದರೆ ಸುತ್ತಲಿನ ಮನೆಯವರೆಲ್ಲ ತಾವಾಗಿ ಬಂದು ಸೇರುತ್ತಾರೆ. ಕರೆಯುವುದೇ ಬೇಡ. ಹಗ್ಗ ಎಳೆದು ಬಿಟ್ಟ ಸದ್ದು ಮೂರು ಸಲ ಕೇಳಿದ ಮೇಲೂ ಇಂಜಿನ್ ಸದ್ದು ಬರಲಿಲ್ಲ ಅಂದರೆ ಕೊಡೆ ಹಿಡಿದು ಹೊರಡುತ್ತಾರೆ.

ಮೊದಲು ಬಂದವರು ಚಿಕ್ಕಪ್ಪ. ಅವರದು ಚೋಕಿನ ಪಕ್ಷ. ಚೋಕು ಅಂದರೆ ಇಂಜಿನ್ನಿಗೆ ಹೋಗುವ ಗಾಳಿ ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ಮುಚ್ಚಳ. ಜಗತ್ತಿನ ಯಾವ ಇಂಜಿನ್ ಚಾಲೂ ಆಗದಿದ್ದರೂ ಕಾರಣ ಚೋಕು. ಆಮೇಲೆ ಬಂದ ಭಾವ ಕಿಡಿ ಹಾರಿಸುವ ಪ್ಲಗ್ಗಿನ ಪಕ್ಷ. ಜೇಬಿನಲ್ಲಿ ಪ್ಲಗ್ ಸ್ಪ್ಯಾನರ್ ಇಟ್ಟುಕೊಂಡೇ ಬಂದಿದ್ದರು. ಕೆಳಮನೆಯ ನಿವೃತ್ತ ಮೇಷ್ಟ್ರು ಯಾವ ಪಕ್ಷಕ್ಕೂ ಸೇರಿದವರಲ್ಲ. ಅವರು ಬಂದು ಒಂದೇ ಪ್ರಶ್ನೆ ಕೇಳಿದರು. "ಸ್ವಿಚ್ ಆನ್ ಇದೆ ತಾನೆ?" ಎಲ್ಲರಿಗೂ ಸಿಟ್ಟು ಬಂತು. ಎಲ್ಲರೂ ಕದ್ದು ಸ್ವಿಚ್ಚಿನ ಕಡೆ ನೋಡಿದರು. ಆನ್ ಇತ್ತು.

ಇಲ್ಲಿ ಒಂದು ಮಾತು ಹೇಳಬೇಕು. "ಸ್ಟಾರ್ಟ್ ಆಗ್ತಿಲ್ಲ" ಅನ್ನುವುದು ಒಂದು ಕಾಯಿಲೆಯಲ್ಲ, ಎರಡು. ಹಗ್ಗ ಸಲೀಸಾಗಿ ಬರುತ್ತದೆ, ಇಂಜಿನ್ ಮಾತ್ರ ಹತ್ತುವುದಿಲ್ಲ. ಇದು ಒಂದು. ಹಗ್ಗವೇ ಬರುವುದಿಲ್ಲ, ಬಂದರೂ ಅರ್ಧಕ್ಕೆ ಹಿಡಿದು ಬೆರಳನ್ನು ವಾಪಸ್ ಎಳೆಯುತ್ತದೆ. ಇದು ಇನ್ನೊಂದು. ನಮ್ಮದು ಎರಡನೆಯದು. ಎಳೆದರೆ ಭುಜದಲ್ಲಿ ಸದ್ದು ಬರುತ್ತಿತ್ತೇ ಹೊರತು ಇಂಜಿನ್ನಿನಲ್ಲಿ ಅಲ್ಲ.

"ಕಂಪ್ರೆಶನ್ ಭಾರೀ ಚೆನ್ನಾಗಿದೆ" ಅಂದರು ಚಿಕ್ಕಪ್ಪ. ಸಿಲಿಂಡರಿನೊಳಗೆ ಗಾಳಿ ಅದುಮುವ ಒತ್ತಡ ಅದು. ಚಾಲೂ ಆಗದ ಮಿಷನ್ನಿನ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು ಅದೊಂದೇ.

ದೊಡ್ಡ ಚೈನ್‌ಸಾಗಳಲ್ಲಿ ಹಗ್ಗ ಹಗುರಾಗಲಿ ಅಂತ ಒಂದು ಪುಟ್ಟ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಸಿಲಿಂಡರಿನ ಒತ್ತಡ ಸ್ವಲ್ಪ ಹೊರಗೆ ಹೋಗುತ್ತದೆ. ಇಂಜಿನ್ ಒಮ್ಮೆ ಸಿಡಿದ ತಕ್ಷಣ ಗುಂಡಿ ತಾನಾಗಿ ಮೇಲೆ ಬರುತ್ತದೆ. ನಮ್ಮದರಲ್ಲೂ ಅದು ಇದೆ ಅಂತ ಗೊತ್ತಾಗಿದ್ದು ಮೇಷ್ಟ್ರು ಮರದ ಹೊಟ್ಟು ಮತ್ತು ಎಣ್ಣೆಯ ಜಿಡ್ಡನ್ನು ಕಡ್ಡಿಯಲ್ಲಿ ಕೆರೆದಾಗ. ಒತ್ತಿದರು. ಹಗ್ಗ ಸ್ವಲ್ಪ ಹಗುರಾಯಿತು. ಇಂಜಿನ್ ಹತ್ತಲಿಲ್ಲ.

ಈಗ ಚಿಕ್ಕಪ್ಪನ ಸರದಿ. ತಣ್ಣಗಿರುವ ಇಂಜಿನ್ನಿಗೆ ಚೋಕ್ ಪೂರ್ತಿ ಹಾಕಿ ಹಗ್ಗ ಎಳೆಯಬೇಕು. ಒಂದು ಸಲ 'ಡುಬ್' ಅನ್ನುತ್ತದೆ. ಅದು ಹತ್ತಿದ್ದಲ್ಲ, ಎಚ್ಚರವಾದೆ ಅಂತ ಹೇಳಿದ್ದು ಅಷ್ಟೆ. ಆ ಕೂಡಲೇ ಚೋಕ್ ತೆಗೆದು ಮತ್ತೆ ಎಳೆಯಬೇಕು. ಆ ಡುಬ್ ಕೇಳದೆ ಚೋಕಿನಲ್ಲೇ ಎಳೆಯುತ್ತ ಹೋದರೆ ಪೆಟ್ರೋಲು ಒಳಗೆ ತುಂಬಿಕೊಳ್ಳುತ್ತದೆ, ಪ್ಲಗ್ಗು ತೋಯುತ್ತದೆ. ನಮ್ಮ ತಂಡದಲ್ಲಿ ಆ ಡುಬ್ ಕೇಳಿಸಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ. ಕೊಡೆಯ ಮೇಲೆ ಮಳೆ, ಆಚೆ ಜೀಪಿನ ಹಾರನ್ನು. ಜೊತೆಗೆ ಭಾವ ಮತ್ತು ಚಿಕ್ಕಪ್ಪನ ನಡುವೆ ಎಣ್ಣೆ ಎಷ್ಟು ಹಾಕಬೇಕು ಅನ್ನುವ ಚರ್ಚೆ.

ಎಣ್ಣೆಯ ಲೆಕ್ಕ ಕಷ್ಟದ್ದೇನಲ್ಲ. ಇದು ಟೂ ಸ್ಟ್ರೋಕ್ ಇಂಜಿನ್, ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಮಿಷನ್ನಿನ ಪುಸ್ತಕ 50:1 ಅಂದರೆ ಲೀಟರಿಗೆ 20 ಎಂ.ಎಲ್., 25:1 ಅಂದರೆ 40. ಆದರೆ ನಮ್ಮಲ್ಲಿ ಇದನ್ನು ಉಪ್ಪಿನಕಾಯಿಗೆ ಉಪ್ಪು ಹಾಕುವ ಹಾಗೆ ಹಾಕುತ್ತಾರೆ, ಕೈ ಅಂದಾಜಿನಲ್ಲಿ. ಪ್ರತಿ ಮನೆಗೂ ಒಂದು ಅಳತೆ, ಪಕ್ಕದ ಮನೆಯದು ತಪ್ಪು. ಭಾವ "ಎಣ್ಣೆ ಜಾಸ್ತಿಯಾಗಿದೆ" ಅಂದರು. ಚಿಕ್ಕಪ್ಪ "ಕಮ್ಮಿಯಾದರೆ ಪಿಸ್ಟನ್ ಹಿಡಿಯುತ್ತೆ ಮಾರಾಯ" ಅಂದರು. ಇಬ್ಬರು ಹೇಳಿದ್ದೂ ನಿಜ. ಜಾಸ್ತಿಯಾದರೆ ಪ್ಲಗ್ಗಿನ ಮೇಲೆ ಮಸಿ, ಕಮ್ಮಿಯಾದರೆ ಪಿಸ್ಟನ್ನಿಗೆ ಗೀರು. ಇಬ್ಬರೂ ಸರಿಯಾಗಿರುವ ಜಗಳ ಬೇಗ ಮುಗಿಯುವುದಿಲ್ಲ.

ಅಷ್ಟರಲ್ಲಿ ಭಾವನ ಮಗ ಬಂದ. ಕೈಯಲ್ಲಿ ಫೋನು. ಅವನು ಚೈನ್‌ಸಾವನ್ನು ಒಂದೇ ಕೈಯಲ್ಲಿ ಎತ್ತಿ, ಕೆಳಕ್ಕೆ ಬೀಸಿ, ಇನ್ನೊಂದು ಕೈಯಲ್ಲಿ ಹಗ್ಗ ಎಳೆಯಲು ಹೊರಟ. ವಿಡಿಯೋಗಳಲ್ಲಿ ಹಾಗೇ ಮಾಡುತ್ತಾರಂತೆ. ಎಲ್ಲ ಪಕ್ಷಗಳೂ ಮೊದಲ ಬಾರಿಗೆ ಒಂದಾಗಿ ಕೂಗಿದವು. ಮಿಷನ್ನನ್ನು ನೆಲಕ್ಕಿಟ್ಟು, ಚೈನ್ ಬ್ರೇಕ್ ಹಾಕಿ, ಹಿಂದಿನ ಹಿಡಿಯೊಳಗೆ ಬಲಗಾಲು ತೂರಿಸಿ ಅದುಮಿ, ಎಡಗೈಯಲ್ಲಿ ಮುಂದಿನ ಹಿಡಿ ಗಟ್ಟಿ ಹಿಡಿದು ಎಳೆಯಬೇಕು. ಮೊದಲು ನಿಧಾನಕ್ಕೆ, ಒಳಗೆ ಹಿಡಿದುಕೊಂಡಿತು ಅನ್ನಿಸುವ ತನಕ. ಆಮೇಲೆ ರಪ್ಪನೆ. ಬೀಸಿ ಎಳೆದಾಗ ಹತ್ತಿಬಿಟ್ಟರೆ, ಚೈನು ಮೊದಲು ಸಿಗುವುದು ಅಕೇಶಿಯಾಕ್ಕಲ್ಲ, ನಮ್ಮ ತೊಡೆಗೆ.

ಹಗ್ಗ ಮತ್ತೆ ಗಟ್ಟಿಯಾಯಿತು. ಈ ಸಲ ಕಲ್ಲು. ಗುಂಡಿ ಒತ್ತಿದರೂ ಅಷ್ಟೆ. ಇದಕ್ಕೆ ಕಾರಣ ಸರಳ. ಗಾಳಿಯನ್ನು ಅದುಮಬಹುದು, ಪೆಟ್ರೋಲನ್ನು ಅದುಮಲಾಗದು. ಚೋಕಿನಲ್ಲಿ ಎಳೆದೂ ಎಳೆದೂ ಸಿಲಿಂಡರ್ ತುಂಬಿಹೋಗಿತ್ತು. ಭಾವ ಏನೂ ಮಾತಾಡದೆ ಜೇಬಿನಿಂದ ಸ್ಪ್ಯಾನರ್ ತೆಗೆದರು. ಚುನಾವಣೆ ಗೆದ್ದವರ ಮುಖ.

ಪ್ಲಗ್ ಬಿಚ್ಚಿದರು. ತೊಟ್ಟಿಕ್ಕುತ್ತಿತ್ತು. ಪ್ಲಗ್ ಇಲ್ಲದೆ, ಸ್ವಿಚ್ ಆಫ್ ಮಾಡಿ, ಚೋಕ್ ತೆಗೆದು ಹಗ್ಗ ಎಳೆದರೆ ಒಳಗಿನ ಪೆಟ್ರೋಲು ತೂತಿನಿಂದ ಚಿಮ್ಮಿ ಹೊರಗೆ ಬರುತ್ತದೆ. ಬಂತು. ಚಿಕ್ಕಪ್ಪನ ಪಂಚೆಗೆ. ಆದರೆ ಈಗ ಹಗ್ಗ ಹೂವಾಗಿತ್ತು. ರೋಗ ಹುಡುಕಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಪ್ಲಗ್ ತೆಗೆದ ಮೇಲೂ ಹಗ್ಗ ಗಟ್ಟಿ ಇದ್ದರೆ ದೋಷ ಹಗ್ಗ ಸುತ್ತುವ ರಾಟೆಯಲ್ಲೋ ಸ್ಪ್ರಿಂಗಿನಲ್ಲೋ ಬೇರಿಂಗಿನಲ್ಲೋ ಹಿಡಿದುಕೊಂಡ ಪಿಸ್ಟನ್ನಿನಲ್ಲೋ ಇದೆ. ಹಗುರಾದರೆ ಸಿಲಿಂಡರಿನ ಒಳಗೆ ಏನೋ ಹೊರಗೆ ಹೋಗಲಾಗದೆ ಸಿಕ್ಕಿಕೊಂಡಿದೆ. ಏನದು ಅಂತ ಯೋಚಿಸುವ ಹೊತ್ತು ಅದು. ಯಾರೂ ಯೋಚಿಸಲಿಲ್ಲ. ಪ್ಲಗ್ ಒದ್ದೆ ಅಂತ ಗೊತ್ತಾದ ಮೇಲೆ ಪ್ಲಗ್ಗಿನದೇ ರಾಜ್ಯಭಾರ.

ಭಾವ ಪ್ಲಗ್ ಹಿಡಿದು ನೇರ ಅಡುಗೆಮನೆಗೆ ಹೋದರು, ಗ್ಯಾಸ್ ಒಲೆಯ ಮೇಲೆ ಸುಡಲು. ಹಳೆಯ ಸ್ಕೂಟರ್ ಕಾಲದ ವಿದ್ಯೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಪೆಟ್ರೋಲು ತೊಟ್ಟಿಕ್ಕುವ ಪ್ಲಗ್ಗಿನ ಜೊತೆ ಅಡುಗೆಮನೆಯೊಳಗೆ ಹೋದವರು ಹೋದಷ್ಟೇ ವೇಗದಲ್ಲಿ ಹೊರಗೆ ಬಂದರು. ಹಿಂದೆಯೇ ಅತ್ತಿಗೆಯ ದನಿ ಬಂತು. ಆ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಕೊನೆಗೆ ಬಟ್ಟೆಯಲ್ಲಿ ಒರೆಸಿ ಜಗಲಿಯ ಮೇಲೆ ಒಣಗಲು ಇಟ್ಟರು. ಜುಲೈ ತಿಂಗಳ ಮಲೆನಾಡಿನಲ್ಲಿ ಒಣಗಲು ಇಡುವುದು ಅಂದರೆ ಒಂದು ಹಾರೈಕೆ.

ಕಾಯುವಾಗ ಹುಡುಗ ಫೋನ್ ನೋಡುತ್ತ ಹೇಳಿದ. ಚೈನ್‌ಸಾ ಮೊದಲು ಹುಟ್ಟಿದ್ದು ಮರಕ್ಕಲ್ಲವಂತೆ. ಹದಿನೆಂಟನೇ ಶತಮಾನದ ಕೊನೆಗೆ ಸ್ಕಾಟ್ಲೆಂಡಿನಲ್ಲಿ ಜಾನ್ ಐಟ್ಕನ್, ಜೇಮ್ಸ್ ಜೆಫ್ರಿ ಅಂತ ಇಬ್ಬರು ವೈದ್ಯರು ಹಲ್ಲಿರುವ ಸಣ್ಣ ಸರಪಳಿಗೆ ಎರಡೂ ತುದಿಯಲ್ಲಿ ಹಿಡಿ ಹಾಕಿಸಿ ಮೂಳೆ ಕೊಯ್ಯಲು ಬಳಸಿದರಂತೆ, ಕಷ್ಟದ ಹೆರಿಗೆಯಲ್ಲೂ. ಇದು ನಿಜವೇ. ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಅಜ್ಜಿ ಬಾಯಿ ನಿಲ್ಲಿಸಿದರು. "ಹೆರಿಗೆಗಾ?" ಅಂದರು. ಚೈನ್‌ಸಾವನ್ನು ಒಂದು ಸಲ ನೋಡಿದರು. "ಅದನ್ನು ಅಲ್ಲಿಂದ ಆಚೆ ಇಡ್ರೋ."

ಮೇಷ್ಟ್ರು ಅಷ್ಟರಲ್ಲಿ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರು. ಬೇಸಿಗೆಯಲ್ಲಿ ಸೌದೆ ಕೊಯ್ಯಲು ಬಂದವರು ಬಿಟ್ಟುಹೋದ ಪೆಟ್ರೋಲು. ಈಗಿನ ಪೆಟ್ರೋಲಿನಲ್ಲಿ 20% ಎಥೆನಾಲ್. ಅದು ಗಾಳಿಯ ತೇವ ಹೀರುತ್ತದೆ. ಜಾಸ್ತಿ ಹೀರಿದರೆ ನೀರು ಮತ್ತು ಎಥೆನಾಲ್ ಬೇರೆಯಾಗಿ ಟ್ಯಾಂಕಿನ ತಳ ಸೇರುತ್ತವೆ. ಫಿಲ್ಟರ್ ಇರುವುದೂ ಅಲ್ಲೇ. ನಮ್ಮೂರಿನ ಗಾಳಿಯಲ್ಲಿ ತೇವಕ್ಕೆ ಬರ ಇಲ್ಲ. ಹಳೆಯದನ್ನು ಚೆಲ್ಲಿ, ಬೈಕಿನಿಂದ ಹೊಸ ಪೆಟ್ರೋಲು ತೆಗೆದು, ಎಣ್ಣೆ ಬೆರೆಸಿ ಹಾಕಿದೆವು. ಎಷ್ಟು ಎಣ್ಣೆ ಅಂತ ಭಾವ, ಚಿಕ್ಕಪ್ಪ ಇಬ್ಬರೂ ಬಗ್ಗಿ ನೋಡುತ್ತಿದ್ದರು. ನಾನು ಬೆನ್ನು ತಿರುಗಿಸಿ ಹಾಕಿದೆ.

ಆದರೂ ಅದೇ ಕತೆ. ಒಂದು ಡುಬ್, ಆಮೇಲೆ ಮೌನ, ಆಮೇಲೆ ಹಗ್ಗ ಬಿಗಿ. ಭಾವನಿಗೆ ರೋಷ ಬಂತು. ಮೇಲಿನ ಕವರ್ ಬಿಚ್ಚಿದರು, ಏರ್ ಫಿಲ್ಟರ್ ತೆಗೆದು ಕೊಡವಿದರು, ಕೈಗೆ ಸಿಕ್ಕಿದ ವೈರುಗಳನ್ನೆಲ್ಲ ಜಗ್ಗಿ ನೋಡಿದರು. ಮಿಷನ್ನನ್ನೇ ತಲೆಕೆಳಗು ಮಾಡಿ ಕುಟ್ಟಿದರು. ಸೈಲೆನ್ಸರ್ ಬಾಯಿಂದ ಒಣ ಮಣ್ಣಿನ ಹೆಂಟೆಯೊಂದು ಉದುರಿ ಅವರ ಪಾದದ ಮೇಲೆ ಬಿತ್ತು. ಒಡೆದು ನೋಡಿದರೆ ಒಳಗೆ ಸತ್ತ ಜೇಡಗಳು.

ಕುಂಬಾರ ಹುಳ! ಅಟ್ಟದಲ್ಲಿ ಮೂರು ತಿಂಗಳು ಸುಮ್ಮನಿದ್ದ ತೂತು ನೋಡಿ, ಒದ್ದೆ ಮಣ್ಣು ತಂದು, ಮೊಟ್ಟೆ ಇಟ್ಟು, ಮರಿಗಳಿಗೆ ಜೇಡ ತುಂಬಿ, ಬಾಯಿ ಮೆತ್ತಿ ಹೋಗಿತ್ತು. ಹೊಗೆ ಹೋಗುವ ದಾರಿ ಮುಚ್ಚಿದ್ದರೆ ಇಂಜಿನ್ ಒಮ್ಮೆ ಸಿಡಿದು ಅಲ್ಲೇ ಉಸಿರು ಕಟ್ಟುತ್ತದೆ. ಹೊಸ ಗಾಳಿಗೆ ಒಳಗೆ ಜಾಗವೇ ಇಲ್ಲ. ಹಗ್ಗ ಗಟ್ಟಿಯಾಗದೆ ಇನ್ನೇನು? ಮನೆಯಲ್ಲಿ ಅಷ್ಟು ನಾಜೂಕಾಗಿ ಕೆಲಸ ಮಾಡಿದವರು ಅವತ್ತು ಆ ಹುಳ ಒಂದೇ.

ಉಳಿದ ಮಣ್ಣನ್ನು ತಂತಿಯಲ್ಲಿ ಕೆರೆದು ತೆಗೆದೆವು. ಕೊನೆಗೆ ಹಗ್ಗ ಎಳೆದವನು ಹಾಲಿನ ಕ್ಯಾನಿನ ಜೊತೆ ಅಷ್ಟು ಹೊತ್ತು ಸುಮ್ನೆ ಕೂತಿದ್ದ ಹುಡುಗ. ಹತ್ತಿತು. ಈಗಲೂ ಊರಿನಲ್ಲಿ ಚೈನ್‌ಸಾ ಸರಿ ಮಾಡಿದವನು ಯಾರು ಅಂದರೆ ಅವನ ಹೆಸರೇ ಹೇಳುತ್ತಾರೆ. ಹಗ್ಗದ ಮಿಷನ್ನಿನಲ್ಲಿ ಕೀರ್ತಿ ಹೋಗುವುದು ಕೊನೆಗೆ ಎಳೆದವರಿಗೆ. ಅಲ್ಲಿಯವರೆಗೆ ಭುಜ ಕಳೆದುಕೊಂಡವರಿಗೆ ನೋವಿನ ಎಣ್ಣೆ.

ಮರ ಕೊಯ್ದೆವು. ಜೀಪು ಹೋಯಿತು. ಅಕೇಶಿಯಾ ನಿಂತಿದ್ದಾಗ ಅದು ಯಾರದೆಂದು ಯಾರೂ ಕೇಳಿರಲಿಲ್ಲ. ತುಂಡಾದ ಮೇಲೆ ಬಹಳ ಜನ ಕೇಳಿದರು. ಆ ಕತೆ ಬೇರೆ.

ಈಗ ಸ್ವಿಚ್ ಆಫ್ ಮಾಡಿದರೆ ಇಂಜಿನ್ ನಿಲ್ಲುತ್ತಿಲ್ಲ. ಭಾವ ಜಗ್ಗಿದ್ದರಲ್ಲ ವೈರುಗಳು, ಅದರಲ್ಲಿ ಒಂದು ಸ್ವಿಚ್ಚಿನಿಂದ ಬಿಟ್ಟುಬಂದಿತ್ತು. ಆ ವೈರ್ ಇಲ್ಲದಿದ್ದರೆ ಕಿಡಿ ನಿಲ್ಲುವುದಿಲ್ಲ. ಮೇಷ್ಟ್ರು ದೂರದಿಂದಲೇ ಕೇಳಿದರು, "ಸ್ವಿಚ್ ಆಫ್ ಮಾಡಿದ್ರಾ?" ಯಾರೂ ಉತ್ತರ ಕೊಡಲಿಲ್ಲ. ಆಗ ಚಿಕ್ಕಪ್ಪ ಪೆಟ್ರೋಲು ನಾರುವ ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ಬಗ್ಗಿ ಚೋಕನ್ನು ಪೂರ್ತಿ ಎಳೆದರು. ಇಂಜಿನ್ ಗೊಳಗೊಳ ಅಂದು ಕಟ್ಟಿಕೊಂಡು ನಿಂತಿತು. "ನಾನು ಬಂದಾಗಿಂದ ಅದನ್ನೇ ಹೇಳ್ತಿದ್ದೀನಿ" ಅಂದರು.

ಈಗ ಚೈನ್‌ಸಾ ಖಾಲಿ ಟ್ಯಾಂಕಿನ ಜೊತೆ ಅಟ್ಟದ ಮೇಲಿದೆ. ಸೈಲೆನ್ಸರ್ ಬಾಯಿಗೆ ಹಳೆ ಬನಿಯನ್ ತುಂಡು ತುರುಕಿದ್ದೇನೆ. ಹಿಡಿಗೆ ಒಂದು ಚೀಟಿಯನ್ನೂ ಕಟ್ಟಿದ್ದೇನೆ, ಎಳೆಯುವ ಮೊದಲು ಬಟ್ಟೆ ತೆಗೆಯಿರಿ ಅಂತ. ಚಿಕ್ಕಪ್ಪ ಅದನ್ನು ಓದಿ, ಚೋಕಿನ ವಿಷಯ ಬರೆದೇ ಇಲ್ಲವಲ್ಲ ಅಂದರು. ಭಾವ ಚೀಟಿಯ ಹಿಂಬದಿಯನ್ನು ಪ್ಲಗ್ಗಿಗೆ ಕೇಳಿದ್ದಾರೆ.